ಚಿತ್ರಕ್ಕೂ ಒಂದು ಸಂತೆ

ಬೆಂಗಳೂರಿನಲ್ಲಿ ಏನು ನೋಡಬೇಕು ಎಂದರೆ ಎಲ್ಲರೂ ವಿಧಾನಸೌಧ, ಲಾಲ್‌ಬಾಗ್ ಅಂತಾರೆ. ನನ್ನನ್ನು ಕೇಳಿದರೆ ಚಿತ್ರಸಂತೆ ನೋಡಬೇಕು. ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ಇದನ್ನು ಶುರು ಮಾಡಿದರು. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತದೆ. ಟಿಕೆಟ್ ಇಲ್ಲ. ನಮ್ಮ ಸಂತೆಯಲ್ಲಿ ಸೊಪ್ಪು ಹರಡಿಕೊಂಡು ಕೂರುವ ಹಾಗೆ, ಚಿತ್ರ ಬರೆದವರೇ ರಸ್ತೆ ಪಕ್ಕ ಕೂತಿರ್ತಾರೆ. ನಾವೇ ಮಾತಾಡಿಸಬಹುದು.

2025ರಲ್ಲಿ ನಾನು ಸೋದರಮಾವನ ಜೊತೆ ಹೋಗಿದ್ದೆ. ಹಿಂದಿನ ದಿನ ಶನಿವಾರ ಸಂಜೆ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಅವರೆಬೇಳೆ ದೋಸೆ, ಬಿಸಿ ಹೋಳಿಗೆ ತಿಂದೆವು. (ನಮ್ಮಜ್ಜಿ ಹಿತುಕಿ ಹಿತುಕಿ ಬೆರಳು ನೋಯಿಸಿಕೊಳ್ತಾರಲ್ಲ, ಅದೇ ಅವರೆ!) ಎಷ್ಟು ಜನ! ದೋಸೆಗೆ ಒಬ್ಬರೂ ಚೌಕಾಸಿ ಮಾಡಲಿಲ್ಲ. ಮಾರನೇ ದಿನ ಸಂತೆಯಲ್ಲಿ ಒಬ್ಬರು 500 ರೂಪಾಯಿಯ ಎತ್ತಿನ ಚಿತ್ರವನ್ನು 200ಕ್ಕೆ ಕೇಳಿದರು. "ನಾಲ್ಕು ದಿನ ಹಿಡೀತು ಸ್ವಾಮಿ" ಅಂದರು ಬರೆದವರು. ನನಗೆ ಬಹಳ ಬೇಜಾರಾಯ್ತು. ಅಡುಗೆ ಕಷ್ಟ ಮನೆಯಲ್ಲಿ ದಿನಾ ನೋಡ್ತೀವಿ. ಚಿತ್ರದ ಕಷ್ಟ ಬರೆದು ನೋಡದಿದ್ದರೆ ಹೇಗೆ ಗೊತ್ತಾಗುತ್ತೆ?

ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂದರೆ ಚಿತ್ರಕಲೆ ಪಿರಿಯಡ್ಡು ಗಣಿತಕ್ಕೆ ಹೋಗುತ್ತದೆ. ಗಣಿತ ಬೇಡ ಅಂತ ನಾನು ಹೇಳ್ತಿಲ್ಲ, ಗುರುಗಳು ಬೈಯಬಾರದು. ಆದರೆ ವಾರಕ್ಕೆ ಅದೊಂದು ಪಿರಿಯಡ್ಡು ನಮಗೇ ಬಿಡಿ. ಜಾತ್ರೆ ದಿನ ಶಾಲೆಯ ಕಾಂಪೌಂಡಿಗೆ ಹಗ್ಗ ಕಟ್ಟಿ ನಮ್ಮ ಚಿತ್ರ ತೂಗುಹಾಕೋಣ. ಊರವರೆಲ್ಲ ನೋಡಲಿ. ಒಂದಕ್ಕೆ ಐದು ರೂಪಾಯಿ. ಚೌಕಾಸಿ ಇಲ್ಲ.