ಹಾಡು ಹೊರಬರುವ ಮೊದಲೇ ಪಾಲು ಬರೆದಿಡಿ

ಒಂದು ಹಾಡು ಹುಟ್ಟಬೇಕಾದರೆ ಅದರ ಹಿಂದಿನವರೆಲ್ಲ ಒಂದೇ ಸ್ಟುಡಿಯೋದಲ್ಲಿ ಸೇರಬೇಕಾದ ಕಾಲ ಮುಗಿದಿದೆ. ಸಾಹಿತ್ಯ ಒಂದೂರಿನಿಂದ ಬರುತ್ತದೆ, ರಾಗ ಇನ್ನೊಂದೂರಿನಿಂದ. ಹಾಡಿದವರು ತಮ್ಮ ಕೋಣೆಯಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಮಿಕ್ಸಿಂಗ್, ಎಡಿಟಿಂಗ್, ಸಬ್‌ಟೈಟಲ್, ಥಂಬ್‌ನೇಲ್ ಮಾಡುವವರು ಪರಸ್ಪರ ಮುಖವನ್ನೇ ನೋಡಿರುವುದಿಲ್ಲ. ಕಿರುಚಿತ್ರ, ಪಾಡ್‌ಕಾಸ್ಟ್, ಆಡಿಯೋ ಪುಸ್ತಕಗಳ ಕೆಲಸವೂ ಹೀಗೆಯೇ ನಡೆಯುತ್ತಿದೆ. ಕೆಲಸ ಹತ್ತು ಕಡೆ ಹಂಚಿಹೋಗಿದ್ದರೂ ಹಣ ಮಾತ್ರ ಒಂದೇ ಕಡೆ ಬಂದು ಬೀಳುತ್ತದೆ. ಯೂಟ್ಯೂಬ್ ತನ್ನ ದೀರ್ಘ ವಿಡಿಯೋಗಳ ಜಾಹೀರಾತಿನ ಆದಾಯದಲ್ಲಿ ಶೇ 55ರಷ್ಟನ್ನು ಚಾನೆಲ್‌ಗೆ ಕೊಡುತ್ತದೆ. ಆ ಹಣ ಹೋಗುವುದು ಚಾನೆಲ್‌ಗೆ ಜೋಡಿಸಿದ ಒಂದು ಖಾತೆಗೆ. ಅಲ್ಲಿಂದ ಮುಂದೆ ಯಾರಿಗೆ ಎಷ್ಟು ಎಂಬುದು ಖಾತೆ ಇಟ್ಟವರ ಮನಸ್ಸಿಗೆ ಬಿಟ್ಟದ್ದು. ನ್ಯಾಯವನ್ನು ಹೀಗೆ ಒಬ್ಬರ ಒಳ್ಳೆಯತನಕ್ಕೆ ಒಪ್ಪಿಸುವುದು ಸರಿಯಲ್ಲ. ಕೂಡಿ ಮಾಡಿದ ಕೃತಿಯಲ್ಲಿ ಯಾರ ಹೆಸರು ಎಲ್ಲಿ, ಯಾರ ಪಾಲು ಎಷ್ಟು ಎಂಬುದು ಕೃತಿ ಹೊರಬರುವ ಮೊದಲೇ ಬರಹದಲ್ಲಿ ಇರಬೇಕು.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ತಮಿಳಿನ ‘ಎಂಜಾಯ್ ಎಂಜಾಮಿ’ಗಿಂತ ಸ್ಪಷ್ಟ ಉದಾಹರಣೆ ಬೇಡ. 2021ರ ಮಾರ್ಚಿನಲ್ಲಿ ಬಂದ ಈ ಹಾಡನ್ನು ಅರಿವು ಮತ್ತು ಧೀ ಹಾಡಿದ್ದರು. ಸಂಗೀತ ಸಂತೋಷ್ ನಾರಾಯಣನ್ ಅವರದು, ಬಿಡುಗಡೆ ಮಾಡಿದ್ದು ಮಾಜ್ಜಾ ಸಂಸ್ಥೆ. ಚಹಾ ತೋಟಗಳಲ್ಲಿ ದುಡಿದ ತಮ್ಮ ಪೂರ್ವಿಕರ ಬದುಕನ್ನು ಅರಿವು ಅದರ ಸಾಲುಗಳಲ್ಲಿ ತುಂಬಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಧೀ ಇದ್ದರು, ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಇದನ್ನು ಬಹಿರಂಗವಾಗಿ ಖಂಡಿಸಿದ ಮೇಲೆ ಪತ್ರಿಕೆ ಅರಿವು ಅವರಿಗಾಗಿ ಡಿಜಿಟಲ್ ಮುಖಪುಟ ಪ್ರಕಟಿಸಿತು. 2022ರ ಜುಲೈನಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಅವರಿಲ್ಲದೆ ಹಾಡು ಮೊಳಗಿದಾಗ ವಿವಾದ ಮತ್ತೆ ಎದ್ದಿತು. ಹಾಡಿನ ರಚನೆಯಲ್ಲಿ ತಮ್ಮ ಪಾತ್ರ ಸಾಹಿತ್ಯಕ್ಕಿಂತ ದೊಡ್ಡದೆಂದು ಅರಿವು ಹೇಳಿದರು. ಸಂಯೋಜನೆ ತಮ್ಮದೆಂದೂ ಆದಾಯ ಮೂವರಿಗೂ ಸಮಾನವೆಂದೂ ಸಂತೋಷ್ ನಾರಾಯಣನ್ ಉತ್ತರಿಸಿದರು. 2024ರಲ್ಲಿ ಸಂತೋಷ್ ಅವರೇ, ಈ ಹಾಡಿನಿಂದ ತಮ್ಮ ಮೂವರಿಗೂ ಹಣ ಬಂದಿಲ್ಲ ಎಂದು ಹೇಳಿಕೊಂಡರು. ಮಾಜ್ಜಾ ಅದನ್ನು ಒಪ್ಪಲಿಲ್ಲ. ಯಾರ ಮಾತು ನಿಜ ಎಂದು ಹೊರಗಿನವರು ತೀರ್ಪು ಕೊಡುವಂತಿಲ್ಲ, ಕೊಡಬೇಕಾಗಿಯೂ ಇಲ್ಲ. ಕೋಟಿಗಟ್ಟಲೆ ಜನ ಕೇಳಿದ ಹಾಡಿಗೂ ಯಾರು ಏನು ಮಾಡಿದರು, ದುಡ್ಡು ಎಲ್ಲಿ ಹೋಯಿತು ಎಂಬ ಎರಡು ಸರಳ ಪ್ರಶ್ನೆಗಳಿಗೆ ಎಲ್ಲರೂ ಒಪ್ಪುವ ಒಂದು ದಾಖಲೆ ಜನರ ಮುಂದೆ ಬರಲಿಲ್ಲ. ನಾವು ಗಮನಿಸಬೇಕಾದದ್ದು ಇದನ್ನು.

ನಮ್ಮ ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ಗೀತರಚನೆಕಾರರು ಮತ್ತು ಸಂಗೀತ ಸಂಯೋಜಕರು ತಮ್ಮ ರಾಯಧನದ ಹಕ್ಕನ್ನು ನಿರ್ಮಾಪಕರಿಗೆ ಪೂರ್ತಿ ಬರೆದುಕೊಡುವುದನ್ನು ತಡೆಯಿತು. ಚಿತ್ರಮಂದಿರದ ಪ್ರದರ್ಶನವೊಂದನ್ನು ಬಿಟ್ಟು ಉಳಿದ ಬಳಕೆಗಳಲ್ಲಿ ಅವರಿಗೆ ಸಮಪಾಲು ಸಲ್ಲಬೇಕು. ರಾಜ್ಯಸಭಾ ಸದಸ್ಯರಾಗಿದ್ದ ಜಾವೇದ್ ಅಖ್ತರ್ ಇದಕ್ಕಾಗಿ ಗಟ್ಟಿಯಾಗಿ ವಾದಿಸಿದ್ದರು. ಗಾಯಕರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕು, ಕೃತಿಕಾರರೂ ಕಲಾವಿದರೂ ತಮ್ಮ ಹೆಸರನ್ನು ಕೇಳಿ ಪಡೆಯುವ ನೈತಿಕ ಹಕ್ಕು ಕಾಯ್ದೆಯಲ್ಲಿವೆ. ಇನ್ನೊಂದು ಅಂಶವನ್ನು ನಮ್ಮ ಕಲಾವಿದರು ತಿಳಿದಿರಬೇಕು. ಸಿನಿಮಾದಲ್ಲಿ ಆಕಸ್ಮಿಕವಾಗಿ ಬಂದುಹೋಗುವ, ಉದ್ಯಮದ ರೂಢಿಯಂತೆ ಟೈಟಲ್ ಕಾರ್ಡಿನಲ್ಲಿ ಹೆಸರೂ ಇಲ್ಲದ ವ್ಯಕ್ತಿಯನ್ನು ಕಾಯ್ದೆ ಬಹುಮಟ್ಟಿಗೆ ಕಲಾವಿದರೆಂದೇ ಪರಿಗಣಿಸುವುದಿಲ್ಲ. ಹೆಸರಿಗೂ ಹಕ್ಕಿಗೂ ನಂಟಿದೆ ಎಂಬುದನ್ನು ಕಾನೂನೇ ಹೀಗೆ ಒಪ್ಪಿಕೊಂಡಿದೆ. ‘ಹೆಸರು ಹಾಕಿದ್ದೇವಲ್ಲ, ಮತ್ತೇನು ಬೇಕು’ ಎನ್ನುವವರೂ, ‘ಹೆಸರು ತಗೊಂಡು ಏನು ಮಾಡೋದು, ದುಡ್ಡು ಕೊಡಿ’ ಎನ್ನುವವರೂ ಈ ನಂಟನ್ನು ಮರೆಯುತ್ತಾರೆ. ದಾಖಲೆಯಲ್ಲಿ ಹೆಸರಿಲ್ಲದವರನ್ನು ರಾಯಧನ ಹುಡುಕಿಕೊಂಡು ಬರುವುದಿಲ್ಲ. ಕಲಾವಿದರಿಗೆ ಮುಂದಿನ ಕೆಲಸ ತಂದುಕೊಡುವುದೂ ಅದೇ ಹೆಸರು.

ಆದರೆ ಕಾಯ್ದೆಯ ಕೈ ಎಲ್ಲರನ್ನೂ ತಲುಪುವುದಿಲ್ಲ. ಎಡಿಟರ್, ಸೌಂಡ್ ಎಂಜಿನಿಯರ್, ಅನಿಮೇಷನ್ ಮಾಡಿದವರು, ಸಬ್‌ಟೈಟಲ್ ಬರೆದವರು ಇವರಲ್ಲಿ ಬಹುತೇಕರಿಗೆ ಕಾಯಂ ರಾಯಧನದ ರಕ್ಷಣೆ ಇಲ್ಲ. ಒಪ್ಪಂದವೇ ಅವರಿಗೆ ಆಸರೆ. ಒಪ್ಪಂದವಿಲ್ಲದ ಕಡೆ ‘ನೋಡೋಣ, ಹಿಟ್ ಆಗಲಿ’ ಎಂಬ ಮಾತಿನ ಮೇಲೆ ಅವರ ದುಡಿಮೆ ನಿಂತಿರುತ್ತದೆ. ಹಿಟ್ ಆಗದಿದ್ದರೆ ಹಣವಿಲ್ಲ, ಹಿಟ್ ಆದರೆ ಜಗಳ. ನಮ್ಮ ಹಳ್ಳಿಗಳಲ್ಲಿ ಕೋರಿಗೆ ಹೊಲ ಮಾಡುವವರು ಬೀಜ ಯಾರದು, ಎತ್ತು ಯಾರದು, ರಾಶಿಯಲ್ಲಿ ಯಾರಿಗೆಷ್ಟು ಎಂಬುದನ್ನು ಬಿತ್ತುವ ಮೊದಲೇ ಮಾತಾಡಿಕೊಳ್ಳುತ್ತಾರೆ. ರಾಶಿ ಕಣ್ಣ ಮುಂದೆ ಬಂದ ಮೇಲೆ ಪ್ರತಿಯೊಬ್ಬರಿಗೂ ತಮ್ಮ ದುಡಿಮೆಯೇ ದೊಡ್ಡದಾಗಿ ಕಾಣುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ.

ಆನ್‌ಲೈನ್ ಸಹಯೋಗದಲ್ಲಿ ಪಾಲು ಹಂಚಿಕೆಯನ್ನು ಕ್ರಮಬದ್ಧವಾಗಿ ಮಾಡಲು ಹೊರಟ ಪ್ರಯೋಗವೊಂದು ಅಮೆರಿಕದಲ್ಲಿ ನಡೆದಿದೆ. ನಟ ಜೋಸೆಫ್ ಗಾರ್ಡನ್-ಲೆವಿಟ್ ಅವರ ಹಿಟ್‌ರೆಕಾರ್ಡ್ 2010ರಲ್ಲಿ ನಿರ್ಮಾಣ ಸಂಸ್ಥೆಯಾಗಿ ರೂಪುಗೊಂಡು, ಬೇರೆಬೇರೆ ದೇಶಗಳ ಜನ ಕಳಿಸಿದ ಬರಹ, ಚಿತ್ರ, ಸಂಗೀತಗಳನ್ನು ಬೆಸೆದು ಕೃತಿಗಳನ್ನು ಮಾಡಿತು. ಲಾಭದಲ್ಲಿ ಅರ್ಧ ಸಂಸ್ಥೆಗೆ, ಅರ್ಧ ಅಂತಿಮ ಕೃತಿಯಲ್ಲಿ ಕೊಡುಗೆ ಇರುವವರಿಗೆ ಎಂಬುದು ಅದರ ನಿಯಮ. ಯಾರಿಗೆ ಎಷ್ಟು ಎಂಬ ಪಟ್ಟಿಯನ್ನು ಮೊದಲು ಎಲ್ಲರ ಮುಂದಿಟ್ಟು, ಅಭಿಪ್ರಾಯ ಕೇಳಿ, ಆಮೇಲೆ ಹಣ ಹಂಚುತ್ತಿದ್ದರು. ಲೆಕ್ಕ ಬಯಲಲ್ಲಿ ನಡೆದರೆ ಸಹಯೋಗ ಮುರಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂದು ಇದು ತೋರಿಸಿತು. ಆದರೆ 2018ರಲ್ಲಿ ಯೂಬಿಸಾಫ್ಟ್ ಕಂಪನಿ ತನ್ನ ವಿಡಿಯೋ ಗೇಮ್‌ಗೆ ಹಾಡು, ಚಿತ್ರ ಬೇಕೆಂದು ಇದೇ ವೇದಿಕೆಯ ಮೂಲಕ ಆಹ್ವಾನ ಕೊಟ್ಟಾಗ ವೃತ್ತಿನಿರತ ಕಲಾವಿದರು ಪ್ರತಿಭಟಿಸಿದರು. ನೂರಾರು ಜನ ದುಡಿದು ಕಳಿಸಿ, ಆಯ್ಕೆಯಾದ ಕೆಲವರಿಗೆ ಮಾತ್ರ ಹಣ ಸಿಕ್ಕರೆ ಉಳಿದವರದು ಬಿಟ್ಟಿ ಕೆಲಸವಲ್ಲವೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಹವ್ಯಾಸಿಗಳ ಕೂಟಕ್ಕೆ ಒಪ್ಪುವ ನಿಯಮ ದೊಡ್ಡ ಬಂಡವಾಳದ ಕಂಪನಿಗೆ ಒಪ್ಪುವುದಿಲ್ಲ.

ಹಾಗಾಗಿ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು. ಬರೆದವರು, ರಾಗ ಹಾಕಿದವರು, ಹಾಡಿದವರು, ನಟಿಸಿದವರು, ನಿರ್ದೇಶಿಸಿದವರು, ಅಂದರೆ ಯಾರಿಲ್ಲದಿದ್ದರೆ ಆ ಕೃತಿಯೇ ಇಲ್ಲವೋ ಅವರಿಗೆ ಕೃತಿ ದುಡಿಯುವಷ್ಟು ಕಾಲವೂ ಪಾಲು ಸಿಗಬೇಕು. ಗೊತ್ತಾದ ಕೆಲಸವನ್ನು ಗೊತ್ತಾದ ಅವಧಿಯಲ್ಲಿ ಮಾಡಿಕೊಡುವ ತಂತ್ರಜ್ಞರಿಗೆ, ಕೃತಿ ಗೆಲ್ಲಲಿ ಸೋಲಲಿ, ಕೆಲಸ ಮುಗಿದ ಕೂಡಲೇ ಪೂರ್ತಿ ಸಂಭಾವನೆ ಸಿಗಬೇಕು. ಅದನ್ನು ಕೊಡಲಾಗದವರು ಅವರನ್ನೂ ಪಾಲುದಾರರನ್ನಾಗಿ ಮಾಡಿಕೊಳ್ಳಬೇಕು. ಕೇಳಿ ಮಾಡಿಸಿ, ಕೊನೆಗೆ ಬಳಸದೆ ಬಿಟ್ಟ ಕೆಲಸಕ್ಕೂ ಹಣ ಕೊಡಬೇಕು. ಬಳಸದಿರುವ ತೀರ್ಮಾನ ಮಾಡಿಸಿದವರದೇ ಹೊರತು ಮಾಡಿದವರದಲ್ಲ. ಹೆಸರಿನಲ್ಲಿ ಮಾತ್ರ ಯಾವ ಭೇದವೂ ಇರಬಾರದು.

ಇದಕ್ಕೆ ಬರುವ ಮೊದಲ ಆಕ್ಷೇಪ, ಚಾನೆಲ್ ನಡೆಸುವವರೇ ಕ್ಯಾಮೆರಾ ಕೊಂಡು, ಖರ್ಚು ಹಾಕಿ, ನಷ್ಟದ ಹೊರೆಯನ್ನೂ ಹೊರುತ್ತಾರೆ ಎಂಬುದು. ನಿಜ, ಅದಕ್ಕೆ ಅವರಿಗೆ ದೊಡ್ಡ ಪಾಲು ಸಲ್ಲಲಿ. ಹಾಕಿದ ಖರ್ಚನ್ನು ಮೊದಲು ಮುರಿದುಕೊಂಡು ಉಳಿದದ್ದನ್ನು ಹಂಚುವ ಕರಾರೂ ತಪ್ಪಲ್ಲ. ಆದರೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದವರೂ ತಮ್ಮ ಸಮಯವನ್ನು ಬಂಡವಾಳವಾಗಿ ಹೂಡಿರುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡನೆಯದು, ಸೃಜನಶೀಲ ಕೊಡುಗೆಯನ್ನು ಅಳೆಯಲಾಗದು ಎಂಬ ಮಾತು. ನಿಖರವಾಗಿ ಅಳೆಯಲಾಗದು ಎಂಬುದು ಸರಿ. ಹಾಗೆಂದು ಜಗತ್ತು ಕೈಕಟ್ಟಿ ಕುಳಿತಿಲ್ಲ. ಹಾಲಿವುಡ್‌ನಲ್ಲಿ ಚಿತ್ರಕಥೆಯ ಶ್ರೇಯ ಯಾರಿಗೆಂಬ ವಿವಾದ ಬಂದರೆ ಬರಹಗಾರರ ಸಂಘದ ಸದಸ್ಯರೇ ಕರಡುಗಳನ್ನು ಓದಿ ತೀರ್ಮಾನಿಸುತ್ತಾರೆ. ಮುಂದಿನ ಮರುಬಳಕೆಗೆ ಸಲ್ಲುವ ಪಾವತಿಗಳು ಆ ಶ್ರೇಯವನ್ನು ಅನುಸರಿಸಿ ಹೋಗುತ್ತವೆ. ಸಂಶೋಧನಾ ಪತ್ರಿಕೆಗಳು ಲೇಖಕರ ಕೊಡುಗೆಯನ್ನು 14 ಬಗೆಯ ಪಾತ್ರಗಳಾಗಿ ಬಿಡಿಸಿ ಯಾರು ಏನು ಮಾಡಿದರೆಂದು ಮುದ್ರಿಸುತ್ತಿವೆ. ಅಳೆಯಲಾಗದ್ದನ್ನು ಮಾತಾಡಿ ಒಪ್ಪಿಕೊಳ್ಳಬಹುದು. ಒಪ್ಪಿಗೆ ಕೂಡಿಬರದಿದ್ದರೆ ಸಮಪಾಲು ಎಂಬ ಸಾಲನ್ನು ಮೊದಲೇ ಬರೆದುಕೊಳ್ಳಬಹುದು.

ಕನ್ನಡದ ಮಟ್ಟಿಗೆ ಹೆಚ್ಚು ಕೇಳಿಬರುವುದು ಮೂರನೆಯ ಆಕ್ಷೇಪ: ನಮ್ಮದು ಚಿಕ್ಕ ಮಾರುಕಟ್ಟೆ, ಸ್ನೇಹದಿಂದ ಮಾಡುವ ಕೆಲಸ, ಕಾಗದ ಪತ್ರ ಬಂದರೆ ಮನಸ್ಸು ಕೆಡುತ್ತದೆ. ಆದಾಯವೇ ಬರದಿದ್ದರೆ ಪಾಲು ಬರೆದಿಟ್ಟದ್ದರಿಂದ ಯಾರಿಗೂ ನಷ್ಟವಿಲ್ಲ. ಬಂದರೆ ಸ್ನೇಹವನ್ನು ಉಳಿಸುವುದು ಆ ಕಾಗದವೇ. ಹಣದ ಆಸೆಯೇ ಇಲ್ಲದೆ ಕೃತಿಯನ್ನು ಹಂಚಿಕೊಳ್ಳುವವರಿಗೂ ಹೆಸರಿನ ನಿಯಮ ಅನ್ವಯಿಸುತ್ತದೆ. ವಿಕಿಪೀಡಿಯ ಬಳಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೃತಿಯನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಡುತ್ತದೆ. ಆದರೆ ಮೂಲ ಕರ್ತೃಗಳಿಗೆ ಶ್ರೇಯ ಸಲ್ಲಿಸಲೇಬೇಕೆಂಬ ಷರತ್ತನ್ನು ಇಟ್ಟಿದೆ.

ಕಾಗದವೊಂದೇ ಸಾಲದು ಎಂಬುದನ್ನು ‘ಎಂಜಾಯ್ ಎಂಜಾಮಿ’ ಕಲಿಸಿದೆ. ಸಮಪಾಲು ಎಂದ ಮೇಲೂ ಹಣ ಒಂದೇ ಕಡೆ ನಿಂತರೆ, ಲೆಕ್ಕ ನೋಡುವ ಹಕ್ಕು ಎಲ್ಲರಿಗೂ ಇಲ್ಲದಿದ್ದರೆ, ಆ ಪಾಲಿಗೆ ಬೆಲೆ ಇಲ್ಲ. ಡಿಸ್ಟ್ರೋಕಿಡ್‌ನಂಥ ಸಂಗೀತ ವಿತರಣಾ ಸೇವೆಗಳು ಸಹಕಲಾವಿದರ ಪಾಲನ್ನು ನೇರವಾಗಿ ಅವರವರಿಗೇ ಮುಟ್ಟಿಸುವ ಸೌಲಭ್ಯವನ್ನು ಈಗಾಗಲೇ ಕೊಡುತ್ತಿವೆ. ವಿಡಿಯೋ ವೇದಿಕೆಗಳೂ ಚಾನೆಲ್ ಆದಾಯದಲ್ಲಿ ಇದನ್ನು ಮಾಡಬೇಕೆಂದು ನಮ್ಮ ಕಲಾವಿದರ ಸಂಘಗಳು ಒತ್ತಾಯಿಸಬೇಕು. ಚಲನಚಿತ್ರ ಮತ್ತು ಸಂಗೀತ ಕ್ಷೇತ್ರದ ಸಂಸ್ಥೆಗಳು ಸರಳ ಕನ್ನಡದಲ್ಲಿ ಒಂದು ಪುಟದ ಮಾದರಿ ಕರಾರನ್ನು ಸಿದ್ಧಪಡಿಸಿ ಉಚಿತವಾಗಿ ಹಂಚಬೇಕು. ಅದರಲ್ಲಿ ಹೆಸರು, ಕೆಲಸ, ಸಂಭಾವನೆ ಅಥವಾ ಪಾಲು, ಲೆಕ್ಕ ತೋರಿಸುವ ದಿನ, ವಿವಾದ ಬಂದರೆ ಯಾರ ಮುಂದೆ ಎಂಬ ಐದು ವಿಷಯಗಳಿದ್ದರೆ ಸಾಕು. ಎಲ್ಲರೂ ಸಹಿ ಹಾಕದ ಹೊರತು ಅಪ್‌ಲೋಡ್ ಮಾಡುವುದಿಲ್ಲ ಎಂಬ ಶಿಸ್ತನ್ನು ಹೊಸ ತಲೆಮಾರಿನ ಕನ್ನಡ ತಂಡಗಳು ಈಗಲೇ ರೂಢಿಸಿಕೊಳ್ಳಲಿ. ದುಡಿದವರಿಗೆ ಹೆಸರೂ ಹಣವೂ ಖಾತ್ರಿಯಿರುವ ಕಡೆ ಮಾತ್ರ ಪ್ರತಿಭಾವಂತರು ಎರಡನೆಯ ಸಲವೂ ಬರುತ್ತಾರೆ.