ಒನಕೆಯ ಪೆಟ್ಟು: ಪಾದದ ಕೀಲು ನುಚ್ಚಾದಾಗ

ಅಡಿಕೆ ಮರದಿಂದ ಜಾರಿದವನು ಹಿಮ್ಮಡಿಯೂರಿ ನೆಲಕ್ಕೆ ಬಿದ್ದರೆ, ದೇಹದ ಭಾರವೆಲ್ಲ ಒಂದೇ ಕ್ಷಣದಲ್ಲಿ ಪಾದದ ಕೀಲಿನ ಮೇಲೆ ಎರಗುತ್ತದೆ. ಹಿಮ್ಮಡಿಯ ಮೇಲೆ ಕುಳಿತಿರುವ ಟಾಲಸ್ ಎಂಬ ಗಟ್ಟಿ ಮೂಳೆಯು ಮೇಲಕ್ಕೆ ನುಗ್ಗಿ, ಕಾಲಿನ ದಪ್ಪ ಮೂಳೆಯಾದ ಟಿಬಿಯಾದ ಕೆಳತುದಿಯನ್ನು ಚೂರು ಮಾಡುತ್ತದೆ. ಮೂಳೆಯ ಈ ಭಾಗಕ್ಕೆ ಫ್ರಾನ್ಸಿನ ವೈದ್ಯ ಎಟಿಯೆನ್ ದೆಸ್ತೊ 1911ರಲ್ಲಿ ‘ಪಿಲಾನ್’ ಎಂಬ ಹೆಸರನ್ನು ಬಳಸಿದನು. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಒನಕೆ. ಒನಕೆಯ ಪೆಟ್ಟನ್ನು ಬಲ್ಲ ಮನೆಗಳಲ್ಲಿ ಈ ಹೆಸರಿಗೆ ಬೇರೆ ವಿವರಣೆ ಬೇಡ.

ಇಂತಹ ರೋಗಿಯನ್ನು ಆಸ್ಪತ್ರೆಗೆ ಸೇರಿಸಿದ ಮನೆಯವರ ಮೊದಲ ದೂರು ಸಾಮಾನ್ಯವಾಗಿ ಒಂದೇ: ಹತ್ತು ದಿನವಾದರೂ ಆಪರೇಷನ್ ಮಾಡಿಲ್ಲ. ಇದು ಅಲಕ್ಷ್ಯವೆಂದು ಬಗೆದು ರೋಗಿಯನ್ನು ನಾಟಿ ವೈದ್ಯರ ಬಳಿಗೆ ಒಯ್ದು ಎಣ್ಣೆ ತಿಕ್ಕಿಸಿ ಬಿಗಿಯಾಗಿ ಕಟ್ಟಿಸುವವರೂ ಉಂಟು. ಊದಿದ ಕಾಲಿಗೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ.

ಮುರಿದೊಡನೆ ಕೊಯ್ದು ಜೋಡಿಸುವ ಕ್ರಮವೇ ಒಂದು ಕಾಲದಲ್ಲಿ ಆದರ್ಶವೆನಿಸಿತ್ತು. ಸ್ವಿಟ್ಜರ್‌ಲೆಂಡಿನ ರ್‍ಯೂಡಿ ಮತ್ತು ಆಲ್ಗೋವರ್ 1969ರಲ್ಲಿ 84 ಮುರಿತಗಳ ಫಲಿತಾಂಶವನ್ನು ಪ್ರಕಟಿಸಿದರು. ಮೊದಲು ಪಕ್ಕದ ಸಪೂರ ಮೂಳೆಯಾದ ಫಿಬುಲಾದ ಉದ್ದವನ್ನು ಸರಿಪಡಿಸುವುದು, ಬಳಿಕ ಕೀಲಿನ ಮೇಲ್ಮೈಯ ಚೂರುಗಳನ್ನು ಕೂಡಿಸುವುದು, ಉಳಿದ ಟೊಳ್ಳಿಗೆ ಬೇರೆಡೆಯ ಮೂಳೆಯನ್ನು ತುಂಬುವುದು, ಕೊನೆಗೆ ಒಳಬದಿಗೆ ಪ್ಲೇಟ್ ಆನಿಸುವುದು ಅವರ ಕ್ರಮ. ಸುಮಾರು ಮುಕ್ಕಾಲು ಪಾಲು ಕಾಲುಗಳು ಚೆನ್ನಾಗಿ ಗುಣವಾದವು. ಆದರೆ ಅವರ ರೋಗಿಗಳಲ್ಲಿ ಹೆಚ್ಚಿನವರು ಹಿಮದ ಮೇಲೆ ಜಾರುವ ಆಟದಲ್ಲಿ ಬಿದ್ದವರು. ಅದೇ ಕ್ರಮವನ್ನು ವಾಹನ ಅಪಘಾತಕ್ಕೊಳಗಾದವರಿಗೂ ಎತ್ತರದಿಂದ ಬಿದ್ದವರಿಗೂ ಅನ್ವಯಿಸಿದಾಗ ಗಾಯಗಳು ಬಿರಿದವು, ಸೋಂಕು ಮೂಳೆಗೆ ಇಳಿಯಿತು, ಕೆಲವರ ಕಾಲನ್ನೇ ತೆಗೆಯಬೇಕಾಯಿತು.

ತಪ್ಪು ಪ್ಲೇಟಿನದಲ್ಲ, ಚರ್ಮದ್ದು. ಮೊಣಕಾಲಿನಿಂದ ಕೆಳಗೆ ಮುಂಭಾಗವನ್ನು ಬೆರಳಿನಿಂದ ಒತ್ತುತ್ತ ಹೋದರೆ ಯಾವ ಶಾಲಾ ವಿದ್ಯಾರ್ಥಿಗೂ ಇದು ತಿಳಿಯುತ್ತದೆ: ಅಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸದ ಮೆತ್ತೆಯೇ ಇಲ್ಲ. ಬಲವಾದ ಪೆಟ್ಟು ಬಿದ್ದಾಗ ಆ ಚರ್ಮ ಬಿಗಿದು ಹೊಳೆಯುತ್ತದೆ, ನೀರುಗುಳ್ಳೆಗಳೇಳುತ್ತವೆ. ಆಗ ಕೊಯ್ದರೆ ಹೊಲಿಗೆ ಕೂಡುವುದಿಲ್ಲ.

ಆದುದರಿಂದ ಈಗ ಚಿಕಿತ್ಸೆಯನ್ನು ಎರಡು ಹಂತಗಳಲ್ಲಿ ಮಾಡುವುದು ರೂಢಿ. ಅಮೆರಿಕದಿಂದ 1999ರಲ್ಲಿ ಬಂದ ವರದಿಗಳು ಈ ಕ್ರಮಕ್ಕೆ ಬಲ ನೀಡಿದವು. ಮೊದಲ ಹಂತದಲ್ಲಿ ಟಿಬಿಯಾಕ್ಕೂ ಹಿಮ್ಮಡಿಗೂ ಸರಳುಗಳನ್ನು ಚುಚ್ಚಿ, ಹೊರಗಿನಿಂದ ಲೋಹದ ಚೌಕಟ್ಟು ಕಟ್ಟಿ ಕಾಲನ್ನು ಅದರ ಉದ್ದಕ್ಕೆ ಎಳೆದು ನಿಲ್ಲಿಸುತ್ತಾರೆ. ಸಿ.ಟಿ. ಸ್ಕ್ಯಾನ್ ಆ ಮೇಲೆ. ಎಳೆದು ನಿಲ್ಲಿಸಿದಾಗಲೇ ಚೂರುಗಳ ನಿಜವಾದ ಸ್ಥಾನ ಕಾಣುತ್ತದೆ. ಅನಂತರ ಕಾಲನ್ನು ಎತ್ತರಿಸಿಟ್ಟು ಕಾಯುವುದು. ಒಂದರಿಂದ ಮೂರು ವಾರಗಳಲ್ಲಿ ಊತವಿಳಿದು ಚರ್ಮದಲ್ಲಿ ಸಣ್ಣ ಸುಕ್ಕುಗಳು ಮೂಡಿದರೆ, ಪ್ಲೇಟ್ ಹಾಕಲು ಕಾಲ ಕೂಡಿಬಂತೆಂದು ಅರ್ಥ.

ಎಲ್ಲಿ ಕೊಯ್ಯಬೇಕೆಂಬುದನ್ನು ಮುರಿತವೇ ನಿರ್ಧರಿಸುತ್ತದೆ. ಮುಂಭಾಗದ ಒಳಬದಿಯಿಂದ ಹೋದರೆ ಕೀಲು ವಿಶಾಲವಾಗಿ ಕಾಣುತ್ತದೆ, ಆದರೆ ಅಲ್ಲಿನ ಚರ್ಮ ಅತಿ ತೆಳು. ಹೊರಬದಿಯಿಂದ ಹೋದರೆ ಪ್ಲೇಟಿನ ಮೇಲೆ ಮಾಂಸದ ಹೊದಿಕೆ ದೊರೆಯುತ್ತದೆ. ಪಾದದ ಮೇಲ್ಭಾಗಕ್ಕೆ ಸ್ಪರ್ಶಜ್ಞಾನ ನೀಡುವ ನರವನ್ನು ಮಾತ್ರ ಜೋಪಾನ ಮಾಡಬೇಕು. ಹಿಂಬದಿಯ ಚೂರು ದೊಡ್ಡದಾಗಿದ್ದರೆ ಹಿಂದಿನಿಂದಲೂ ದಾರಿಯುಂಟು. ಚರ್ಮ ತೀರ ಹದಗೆಟ್ಟಿದ್ದರೆ, ರಷ್ಯಾದ ಇಲಿಜರೋವ್ ರೂಪಿಸಿದ ಬಳೆಚೌಕಟ್ಟಿನಲ್ಲೇ ಮೂಳೆ ಕೂಡುವವರೆಗೆ ಹಿಡಿದಿಡುವುದುಂಟು. ಕೊಯ್ತ ಕಡಿಮೆ ಎಂಬುದು ಅದರ ಲಾಭ. ತಂತಿ ಹೊಕ್ಕ ಕಡೆಗಳಲ್ಲಿ ಕೀವಾಗುವುದೂ, ಕೀಲಿನ ಮೇಲ್ಮೈಯನ್ನು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಲು ಕಷ್ಟವಾಗುವುದೂ ಅದರ ಕೊರತೆ.

ಎಲ್ಲರೂ ಕಾಯಲೇಬೇಕೆಂಬ ಕಟ್ಟಳೆಯಿಲ್ಲ. ಬಿದ್ದ ಕೆಲವೇ ಗಂಟೆಗಳಲ್ಲಿ, ಊತವೇರುವ ಮುನ್ನ, ನುರಿತ ತಂಡ ಸಿದ್ಧವಿದ್ದರೆ ಒಂದೇ ಸಲಕ್ಕೆ ಜೋಡಿಸಿ ಒಳ್ಳೆಯ ಫಲ ಪಡೆದ ವರದಿಗಳು ಕೆನಡಾದಿಂದ ಬಂದಿವೆ. ದೂರದ ಹಳ್ಳಿಯಿಂದ ಮರುದಿನ ತಲಪುವ ರೋಗಿಗೆ ಆ ಅವಕಾಶ ವಿರಳ.

ಕಾಯುವ ದಿನಗಳಲ್ಲಿ ಮನೆಯವರಿಗೂ ಕೆಲಸವಿದೆ. ಕಾಲು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿರಲಿ, ಬೀಡಿ-ತಂಬಾಕು ದೂರವಿರಲಿ, ಸಕ್ಕರೆ ಕಾಯಿಲೆಯಿದ್ದರೆ ಅದು ಹಿಡಿತದಲ್ಲಿರಲಿ. ಬೆರಳುಗಳು ತಣ್ಣಗಾದರೆ, ಮರಗಟ್ಟಿದರೆ ಅಥವಾ ನೋವು ತಡೆಯಲಾರದಷ್ಟು ಏರಿದರೆ ಆ ರಾತ್ರಿಯೇ ವೈದ್ಯರನ್ನು ಕರೆಯಬೇಕು. ಪ್ಲೇಟ್ ಹಾಕಿದ ಮೇಲೂ ಸುಮಾರು ಮೂರು ತಿಂಗಳು ಆ ಕಾಲಿನ ಮೇಲೆ ಪೂರ್ಣ ಭಾರ ಬೀಳಕೂಡದು. ಕೆಲವರಿಗೆ ವರ್ಷಗಳ ತರುವಾಯ ಕೀಲು ಸವೆದು ನೋವು ಮರುಕಳಿಸುವುದುಂಟು. ಮರವೇರಿ ದುಡಿಯುವವನು ಬೇರೆ ಕಸುಬನ್ನು ಹುಡುಕಬೇಕಾಗಿ ಬರಬಹುದೆಂಬುದನ್ನು ವೈದ್ಯರು ಮೊದಲೇ ತಿಳಿಸುವುದು ಅದಕ್ಕಾಗಿಯೇ.