ಕಾರಣ ಕೇಳುವುದೂ ಕರುಣೆಯೇ

ಬೆಳಿಗ್ಗೆ ಶಾಲೆಗೆ ಹೋದ ಮಗು ಸಂಜೆ ಮನೆಗೆ ಮರಳಲಿಲ್ಲವೆಂದರೆ ಆ ತಂದೆತಾಯಿಗಳ ಎದುರು ನಿಂತು ಏನು ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ. ತೋಚದಿದ್ದಾಗ ನಮ್ಮ ಬಾಯಿಗೆ ಬರುವುದು ಎರಡೇ ಮಾತು. ಒಂದು, ‘ಎಲ್ಲ ಹಣೆಬರಹ’. ಇನ್ನೊಂದು, ‘ಹೋದ ಜನ್ಮದ ಕರ್ಮ’. ಸಮಾಧಾನಕ್ಕೆಂದು ಆಡುವ ಈ ಮಾತುಗಳು ನೊಂದವರ ಬಾಯಿ ಮುಚ್ಚಿಸುತ್ತವೆ. ಇದು ಏಕಾಯಿತು, ಯಾರು ತಡೆಯಬಹುದಿತ್ತು ಎಂದು ಕೇಳುವ ಹಕ್ಕನ್ನೇ ಅವರಿಂದ ಕಿತ್ತುಕೊಳ್ಳುತ್ತವೆ. ಆ ಹಕ್ಕನ್ನು ಬಿಟ್ಟುಕೊಡದ ಒಂದು ಸಣ್ಣ ಊರಿನ ಸಂಗತಿಯನ್ನು ಶರಣ ಬಂಧುಗಳ ಮುಂದಿಡಬೇಕೆನಿಸಿದೆ.

ಸ್ಕಾಟ್‌ಲೆಂಡಿನ ಸ್ಟರ್ಲಿಂಗ್ ನಗರದ ಸಮೀಪ ಡನ್‌ಬ್ಲೇನ್ ಎಂಬ ಊರಿದೆ. 1996ರ ಮಾರ್ಚ್ 13ರ ಬೆಳಿಗ್ಗೆ ಅಲ್ಲಿಯ ಪ್ರಾಥಮಿಕ ಶಾಲೆಯ ವ್ಯಾಯಾಮದ ಹಾಲಿಗೆ ಒಬ್ಬ ವ್ಯಕ್ತಿ ನಾಲ್ಕು ಕೈಬಂದೂಕುಗಳೊಂದಿಗೆ ನುಗ್ಗಿದ. ಕೆಲವೇ ನಿಮಿಷಗಳಲ್ಲಿ ಐದಾರು ವರ್ಷದ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದು, ತಾನೂ ಗುಂಡು ಹಾರಿಸಿಕೊಂಡು ಸತ್ತ. ಕೊಂದವನು ಸತ್ತುಹೋದ ಮೇಲೆ ಇನ್ನು ವಿಚಾರಣೆ ಯಾರ ಮೇಲೆ? ಶಿಕ್ಷೆ ಯಾರಿಗೆ? ಅತ್ತು, ಹೂವಿಟ್ಟು, ಕಾಲ ಎಲ್ಲವನ್ನೂ ಮರೆಸುತ್ತದೆಂದು ಸುಮ್ಮನಾಗುವುದು ಸುಲಭವಾಗಿತ್ತು.

ಊರು ಅತ್ತಿತು, ಹೂವನ್ನೂ ಇಟ್ಟಿತು. ಶಾಲೆಯ ಗೇಟಿನ ಮುಂದೆ ಹೂಗುಚ್ಛಗಳು ರಾಶಿಯಾಗಿ ಬಿದ್ದವು. ಒಂದು ತಿಂಗಳೊಳಗೆ ಆ ಹಾಲನ್ನು ಕೆಡವಲಾಯಿತು. ಜಗತ್ತಿನ ಎಲ್ಲೆಡೆಯಿಂದ ಬಂದ ದೇಣಿಗೆಯಲ್ಲಿ ಮುಂದೆ ಊರಿನ ಮಕ್ಕಳು ಮತ್ತು ಯುವಜನರಿಗಾಗಿ ಒಂದು ಸಮುದಾಯ ಕೇಂದ್ರ ಕಟ್ಟಿದರು. ಅದು ತೆರೆದದ್ದು 2004ರಲ್ಲಿ. ಎಂಟು ವರ್ಷದ ನಂತರವೂ ಊರು ಆ ಕೆಲಸವನ್ನು ಕೈಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಆದರೆ ಡನ್‌ಬ್ಲೇನಿನ ಜನ ಅಷ್ಟಕ್ಕೇ ನಿಲ್ಲಲಿಲ್ಲ. ಕಾರಣ ಕೇಳಿದರು.

ಸರ್ಕಾರ ಬಹಿರಂಗ ವಿಚಾರಣೆಗೆ ನೇಮಿಸಿದ್ದು ನ್ಯಾಯಮೂರ್ತಿ ಲಾರ್ಡ್ ಕಲೆನ್ ಅವರನ್ನು. ನನ್ನಂಥ ಎಂಜಿನಿಯರುಗಳಿಗೆ ಈ ಹೆಸರು ಹೊಸದಲ್ಲ. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಸ್ಥಾವರ ಸ್ಫೋಟಗೊಂಡು 167 ಜನ ಸತ್ತಾಗ ಅದರ ತನಿಖೆ ನಡೆಸಿದವರೂ ಇವರೇ. ಆ ವರದಿಯ 106 ಶಿಫಾರಸುಗಳು ಸಮುದ್ರದ ಮೇಲಿನ ತೈಲ ಉದ್ಯಮದ ಸುರಕ್ಷತಾ ಪದ್ಧತಿಯನ್ನೇ ಬದಲಿಸಿದವು. ತೈಲ ಸ್ಥಾವರದ ದುರಂತಕ್ಕೂ ಮಕ್ಕಳ ಕೊಲೆಗೂ ಏನು ಸಂಬಂಧ ಎನ್ನಬಹುದು. ಸಂಬಂಧವಿದೆ. ಸೇತುವೆ ಕುಸಿದಾಗ ಎಂಜಿನಿಯರ್ ‘ಕೊನೆಯ ಲಾರಿ ಯಾವುದು’ ಎಂದಷ್ಟೇ ಕೇಳಿ ಮನೆಗೆ ಹೋಗುವುದಿಲ್ಲ. ಬಿರುಕು ಯಾವಾಗ ಕಾಣಿಸಿತು, ಯಾರು ನೋಡಿದರು, ನೋಡಿ ಏನು ಬರೆದರು, ಬರೆದದ್ದು ಎಲ್ಲಿ ಹೋಯಿತು ಎಂದು ಕೇಳುತ್ತಾನೆ. ಕಲೆನ್ ಕೇಳಿದ್ದೂ ಅದನ್ನೇ.

ಉತ್ತರ ಎದೆ ನಡುಗಿಸುವಂಥದ್ದು. ಕೊಲೆಗಾರನ ಬಳಿಯಿದ್ದ ಬಂದೂಕುಗಳೆಲ್ಲ ಪರವಾನಗಿ ಇದ್ದವೇ. ಅವನು ಗಂಡುಮಕ್ಕಳಿಗಾಗಿ ಕ್ಲಬ್ಬುಗಳನ್ನು, ಬೇಸಿಗೆ ಶಿಬಿರಗಳನ್ನು ನಡೆಸುತ್ತಿದ್ದ. ಅಲ್ಲಿ ಅವನು ಮಕ್ಕಳೊಂದಿಗೆ ನಡೆದುಕೊಳ್ಳುವ ರೀತಿಯ ಬಗ್ಗೆ ಪೋಷಕರು ವರ್ಷಗಟ್ಟಲೆ ದೂರು ಕೊಟ್ಟಿದ್ದರು. 1991ರಲ್ಲಿ ಅಂಥ ಒಂದು ಶಿಬಿರದ ತನಿಖೆ ಮಾಡಿದ ಪೊಲೀಸ್ ಸಾರ್ಜೆಂಟ್ ಒಬ್ಬರು, ಈ ವ್ಯಕ್ತಿ ಬಂದೂಕು ಇಟ್ಟುಕೊಳ್ಳಲು ಯೋಗ್ಯನಲ್ಲ, ಪರವಾನಗಿ ರದ್ದು ಮಾಡುವುದನ್ನು ಗಂಭೀರವಾಗಿ ಪರಿಶೀಲಿಸಬೇಕೆಂದು ಮೇಲಧಿಕಾರಿಗಳಿಗೆ ಟಿಪ್ಪಣಿ ಕಳಿಸಿದ್ದರು. ಮೇಲಧಿಕಾರಿಗಳು ಕ್ರಮ ಕೈಗೊಳ್ಳಲಿಲ್ಲ. ಪರವಾನಗಿ ಮುಂದುವರಿಯಿತು, ನವೀಕರಣವೂ ಆಯಿತು. ಆ ಟಿಪ್ಪಣಿಗೂ ಆ ಮಾರ್ಚ್ ಬೆಳಗಿಗೂ ನಡುವೆ ನಾಲ್ಕು ವರ್ಷದ ಅಂತರವಿತ್ತು. ಇಲ್ಲಿ ಹಣೆಬರಹ ಎಲ್ಲಿದೆ? ಇದ್ದದ್ದು ಕಡತದಲ್ಲಿ ಮಲಗಿದ ಒಂದು ಹಾಳೆ.

ಸರ್ಕಾರಿ ಇಲಾಖೆಯಲ್ಲಿ ದುಡಿದವರಿಗೆ ಇಂಥ ಹಾಳೆಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಕೆಳಗಿನವನು ಕಣ್ಣಾರೆ ಕಂಡು ಬರೆಯುತ್ತಾನೆ. ಮೇಲಿನವನು ‘ನೋಡಿದೆ’ ಎಂದು ಸಹಿ ಹಾಕುತ್ತಾನೆ. ಕಡತ ಕಪಾಟು ಸೇರುತ್ತದೆ. ಅಪಾಯ ಮಾತ್ರ ಕಪಾಟಿನೊಳಗೆ ಕೂತಿರುವುದಿಲ್ಲ.

ಡನ್‌ಬ್ಲೇನಿನವರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಮಾರ್ಚ್ ತಿಂಗಳ ಆ ಚಳಿಯಲ್ಲಿ ಅರಳುವ ಬಿಳಿ ಹೂವು ಸ್ನೋಡ್ರಾಪ್. ಅದರ ಹೆಸರಿನಲ್ಲೇ ಕೈಬಂದೂಕು ನಿಷೇಧಕ್ಕಾಗಿ ಒಂದು ಚಳವಳಿ ಆರಂಭವಾಯಿತು. ಜನ ಮೇಜು ಹಾಕಿಕೊಂಡು ಬೀದಿಯಲ್ಲಿ ಕೂತು ಸಹಿ ಸಂಗ್ರಹಿಸಿದರು. ಏಳು ಲಕ್ಷಕ್ಕೂ ಹೆಚ್ಚು ಸಹಿಗಳಾದವು. ಗುರಿ ಹೊಡೆಯುವ ಕ್ರೀಡಾ ಸಂಘಗಳವರು, ಒಬ್ಬ ದುಷ್ಟ ಮಾಡಿದ ತಪ್ಪಿಗೆ ನಮಗೇಕೆ ಶಿಕ್ಷೆ ಎಂದರು. ಮಕ್ಕಳನ್ನು ಕಳೆದುಕೊಂಡವರು ದುಃಖದ ಭರದಲ್ಲಿ ಮಾತಾಡುತ್ತಿದ್ದಾರೆ, ಕಾನೂನನ್ನು ತಣ್ಣಗಿನ ತಲೆಯಲ್ಲಿ ಮಾಡಬೇಕು ಎಂದವರೂ ಇದ್ದರು. ಸ್ವತಃ ಕಲೆನ್ ವರದಿಯೂ ಸಂಪೂರ್ಣ ನಿಷೇಧದವರೆಗೆ ಹೋಗಿರಲಿಲ್ಲ. ಆದರೂ ಪೋಷಕರು ಪಟ್ಟು ಬಿಡಲಿಲ್ಲ. 1997ರಲ್ಲಿ ಮೊದಲು ಜಾನ್ ಮೇಜರ್ ಸರ್ಕಾರ ಹೆಚ್ಚಿನ ಕೈಬಂದೂಕುಗಳನ್ನು ನಿಷೇಧಿಸಿತು. ಅದೇ ವರ್ಷ ಅಧಿಕಾರಕ್ಕೆ ಬಂದ ಟೋನಿ ಬ್ಲೇರ್ ಸರ್ಕಾರ, ಉಳಿದಿದ್ದ ಸಣ್ಣ ಕೈಬಂದೂಕುಗಳನ್ನೂ ನಿಷೇಧಿಸಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಕೈಬಂದೂಕುಗಳನ್ನು ಜನ ಪೊಲೀಸರಿಗೆ ಒಪ್ಪಿಸಿದರು. ಅಂದಿನಿಂದ ಬ್ರಿಟನ್ನಿನ ಯಾವ ಶಾಲೆಯಲ್ಲೂ ಅಂಥ ಹತ್ಯಾಕಾಂಡ ಮರುಕಳಿಸಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ದಯೆಯೇ ದೊಡ್ಡದೆಂದು ನಂಬುವವರು ಕ್ಷಮಿಸಿ ಸುಮ್ಮನಿರಬಾರದೇ? ಹೀಗೆ ಕೇಳುವವರು ಅಮೆರಿಕದ ಆಮಿಶ್ ಜನರನ್ನು ಉದಾಹರಿಸುವುದುಂಟು. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಎಂಬಲ್ಲಿ, ಒಂದೇ ಕೋಣೆಯ ಆಮಿಶ್ ಶಾಲೆಯಲ್ಲಿ ಹತ್ತು ಹೆಣ್ಣುಮಕ್ಕಳಿಗೆ ಗುಂಡೇಟು ಬಿತ್ತು. ಐವರು ತೀರಿಕೊಂಡರು. ಕೊಲೆಗಾರನೂ ತನ್ನನ್ನು ಕೊಂದುಕೊಂಡ. ಆ ದಿನಗಳಲ್ಲೇ ಆಮಿಶರು ಅವನ ಹೆಂಡತಿ, ತಂದೆತಾಯಿಗಳ ಮನೆಗೆ ಹೋಗಿ ಸಾಂತ್ವನ ಹೇಳಿದರು, ಅವನ ಅಂತ್ಯಕ್ರಿಯೆಗೂ ಬಂದು ನಿಂತರು. ತಮಗೆ ಬಂದ ದೇಣಿಗೆಯಲ್ಲಿ ಒಂದು ಪಾಲನ್ನು ಅವನ ಹೆಂಡತಿ ಮಕ್ಕಳಿಗೂ ಕೊಟ್ಟರು. ಇದನ್ನು ಓದಿದಾಗ ಕೈ ತಾನಾಗಿ ಮುಗಿಯುತ್ತದೆ.

ಆದರೆ ಕ್ಷಮೆ ಸಲ್ಲುವುದು ಮನುಷ್ಯನಿಗೆ. ಕಡತದಲ್ಲಿ ಕೊಳೆತ ಟಿಪ್ಪಣಿಗೆ ಕ್ಷಮೆ ಎಂಬುದಿಲ್ಲ, ಸಡಿಲ ಕಾನೂನಿಗೂ ಇಲ್ಲ. ಕೊಂದವನ ತಾಯಿಯ ಕಣ್ಣೀರು ಒರೆಸುವುದು ಒಂದು ಕರ್ತವ್ಯ. ಇನ್ನೊಬ್ಬ ತಾಯಿ ಹಾಗೆ ಅಳದಂತೆ ನೋಡಿಕೊಳ್ಳುವುದು ಮತ್ತೊಂದು ಕರ್ತವ್ಯ. ಮೊದಲನೆಯದನ್ನು ಮಾಡಿದೆವೆಂದು ಎರಡನೆಯದನ್ನು ಬಿಡುವಂತಿಲ್ಲ. ಎರಡನೆಯದರ ಸಿಟ್ಟಿನಲ್ಲಿ ಮೊದಲನೆಯದನ್ನು ಮರೆಯುವಂತೆಯೂ ಇಲ್ಲ.

ಇದು ದೂರದ ದೇಶದವರ ಮಾತಾಯಿತೆಂದು ಯಾರೂ ಭಾವಿಸಬಾರದು. ಈ ಪತ್ರಿಕೆ ಓದುವ ಎಷ್ಟೋ ಅಜ್ಜ ಅಜ್ಜಿಯರ ಮೊಮ್ಮಕ್ಕಳು ಇಂದು ಅಮೆರಿಕದ ಶಾಲೆಗಳಲ್ಲಿದ್ದಾರೆ. ಬಂದೂಕುಧಾರಿ ಬಂದರೆ ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಸದ್ದಿಲ್ಲದೆ ಮೂಲೆಯಲ್ಲಿ ಕೂರುವ ಅಭ್ಯಾಸವನ್ನು ಆ ಎಳೆಯರಿಗೆ ಮಾಡಿಸುತ್ತಾರೆ. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ ಆರು ಮಂದಿ ಸಿಬ್ಬಂದಿಯೂ ಸತ್ತರು. ಬಂದೂಕು ಕೊಳ್ಳುವವರ ಪೂರ್ವಾಪರ ಪರಿಶೀಲನೆಯನ್ನು ವಿಸ್ತರಿಸುವ ಮಸೂದೆ ನಾಲ್ಕೇ ತಿಂಗಳಲ್ಲಿ ಅಲ್ಲಿಯ ಸೆನೆಟ್ಟಿನಲ್ಲಿ ಬಿದ್ದುಹೋಯಿತು. 2022ರಲ್ಲಿ ಟೆಕ್ಸಾಸಿನ ಯುವಾಲ್ಡೆಯಲ್ಲಿ ಮತ್ತೆ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಬಳಿಕವಷ್ಟೇ ಒಂದು ಸಾಧಾರಣ ಕೇಂದ್ರ ಕಾನೂನು ಬಂತು. ಎರಡೂ ದೇಶಗಳ ತಾಯಂದಿರು ಅತ್ತದ್ದು ಒಂದೇ ರೀತಿ. ಒಂದು ದೇಶದ ಶಾಸನಸಭೆ ಆ ಅಳುವಿಗೆ ಕಿವಿಗೊಟ್ಟಿತು, ಇನ್ನೊಂದರದು ಬಹುಕಾಲ ಕಿವಿ ಮುಚ್ಚಿಕೊಂಡಿತು.

ನಮ್ಮ ಮಠಗಳೂ ಶಾಲೆಗಳನ್ನು, ಉಚಿತ ಪ್ರಸಾದನಿಲಯಗಳನ್ನು ನಡೆಸುತ್ತಿವೆ. ಬಡವರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಆ ದಾಸೋಹದ ಋಣ ನಾಡಿನ ಮೇಲೆ ದೊಡ್ಡದಿದೆ. ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿದ ತಂದೆತಾಯಿಗಳ ನಂಬಿಕೆಯೂ ಅಷ್ಟೇ ದೊಡ್ಡದು. ನಮ್ಮಲ್ಲಿ ಬಂದೂಕಿನ ಭಯ ಇಲ್ಲದಿರಬಹುದು. ಆದರೆ ಕಡತದಲ್ಲಿ ಮಲಗುವ ಟಿಪ್ಪಣಿ ನಮ್ಮಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ? ನಿಲಯದ ಅಡುಗೆಯವಳು, ರಾತ್ರಿ ಕಾವಲುಗಾರ, ಹೊಸದಾಗಿ ಸೇರಿದ ಶಿಕ್ಷಕಿ ಇವರಲ್ಲೊಬ್ಬರು ‘ಈ ಮನುಷ್ಯ ಮಕ್ಕಳ ಹತ್ತಿರ ನಡೆದುಕೊಳ್ಳುವುದು ಸರಿಯಿಲ್ಲ’ ಎಂದೋ ‘ಈ ಕೋಣೆಯ ಗೋಡೆ ಬಿರಿದಿದೆ’ ಎಂದೋ ಹೇಳಿದರೆ ಆ ಮಾತು ಎಲ್ಲಿಯವರೆಗೆ ತಲುಪುತ್ತದೆ? ‘ಸಂಸ್ಥೆಯ ಹೆಸರು ಕೆಡುತ್ತದೆ, ಸುಮ್ಮನಿರಿ’ ಎಂಬ ಬುದ್ಧಿಮಾತು ದಾರಿಯಲ್ಲೇ ಅದನ್ನು ತಡೆಯುತ್ತದೆಯೇ?

ಪ್ರತಿ ಮಠದ ಶಿಕ್ಷಣ ಸಂಸ್ಥೆಯಲ್ಲೂ ಒಂದು ದೂರು ಪುಸ್ತಕ ಇರಲಿ. ಅದನ್ನು ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಸಭೆಯಲ್ಲಿ ಎಲ್ಲರೆದುರು ಓದಲಿ. ಪೋಷಕರಲ್ಲಿ ಇಬ್ಬರಾದರೂ, ಅದರಲ್ಲೂ ತಾಯಂದಿರು, ಆ ಸಭೆಯಲ್ಲಿ ಕೂರಲಿ. ಪ್ರತಿ ದೂರಿನ ಎದುರಿಗೂ ಏನು ಕ್ರಮ ಕೈಗೊಂಡೆವು, ಯಾರು, ಯಾವ ದಿನ ಎಂದು ಬರೆದು ಸಹಿ ಹಾಕಲಿ. ಇದಕ್ಕೆ ಹಣ ಬೇಕಿಲ್ಲ. ಕೆಳಗಿನವರ ಮಾತು ಕೇಳುವ ಮನಸ್ಸು ಬೇಕು. ದೊಡ್ಡವರು ಸಣ್ಣವರೆನ್ನದೆ ಎಲ್ಲರ ಮಾತಿಗೂ ಬೆಲೆ ಕೊಟ್ಟ ಅನುಭವ ಮಂಟಪದ ವಾರಸುದಾರರು ನಾವು. ಈ ಮನಸ್ಸು ನಮಗೆ ಹೊರಗಿನಿಂದ ಬರಬೇಕಾದದ್ದಲ್ಲ.

ದುರಂತ ನಡೆದ ಮೇಲೆ ಕಾರಣ ಕೇಳುವುದು ಕರುಣೆ. ನಡೆಯುವ ಮೊದಲೇ ಕೇಳಿದರೆ ಅದು ಇನ್ನೂ ದೊಡ್ಡ ಕರುಣೆ.